ಬಿಟ್ಟ ಸ್ಥಳ

ಏಳನೆಯ ತರಗತಿ, ಮೂರನೆಯ ಪೀರಿಯಡ್ಡು.
ಹೀಟರು ಕೆಮ್ಮುತ್ತಿದೆ. ಕಿಟಕಿಯಾಚೆ ಒಹಾಯೊ ನದಿ,
ಕಲ್ಲಿದ್ದಲು ಹೊತ್ತ ಬಾರ್ಜು, ಆಚೆ ದಡ ಕೆಂಟಕಿ.
ಒಂದು ಕಾಲಕ್ಕೆ ಆ ದಡದಿಂದ ಈ ದಡಕ್ಕೆ
ರಾತ್ರಿ ಈಜಿ ಬಂದವರಿದ್ದರು.
ಇಲ್ಲಿ ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಪ್ರತಿ,
ಎಲ್ಲರೂ ದೊಡ್ಡದೆನ್ನುವ ಒಂದು ಹಳೆಯ ಕಾದಂಬರಿ,
ಅದರೊಳಗೆ ಪುಟಪುಟಕ್ಕೂ ಆ ಪದ.

ಹತ್ತೊಂಬತ್ತು ವರ್ಷದಿಂದ ನನಗೊಂದು ಉಪಾಯವಿತ್ತು:
ಪದ ಬಂದಾಗ ಉಸಿರು ಬಿಗಿಹಿಡಿದು,
ಹಳ್ಳ ದಾಟುವವಳ ಹಾಗೆ ಲಂಗ ಎತ್ತಿ
ಆಚೆಯ ಪದದ ಮೇಲೆ ಕಾಲಿಡುವುದು.
ಒದ್ದೆಯಾಗಲಿಲ್ಲ ಅಂದುಕೊಂಡಿದ್ದೆ.

ಮಂಗಳವಾರ, ಐದನೆಯ ಅಧ್ಯಾಯ.
ಜನೀಸಾ ಪ್ರೂಯಿಟ್ ಕೈ ಎತ್ತದೆಯೇ ಹೇಳಿದಳು:
'ಮಿಸ್ ಟಿಸ್ಡೇಲ್, ನೀವು ಸುಮ್ಮನಾದಾಗಲೆಲ್ಲ
ಇವರೆಲ್ಲ ನನ್ನ ಕಡೆ ತಿರುಗ್ತಾರೆ.
ಬಿಟ್ಟ ಸ್ಥಳ ತುಂಬಿರಿ ಅಂದ ಹಾಗೆ.'

ಯಾರೂ ನಗಲಿಲ್ಲ.
ಕೋಲ್ಬಿ ಬಗ್ಗಿ, ಕಟ್ಟಿದ್ದ ಲೇಸನ್ನೇ ಮತ್ತೆ ಕಟ್ಟಿದ.
ಬೋರ್ಡಿನ ಮೇಲೆ ನಾನೇ ಹಸಿರು ಶಾಯಿಯಲ್ಲಿ ಬರೆದ
'ಆ ಕಾಲದ ಸಂದರ್ಭ' ಎಂಬ ಎರಡೂವರೆ ಪದ
ನನ್ನನ್ನೇ ನೋಡುತ್ತಿತ್ತು.

ಗಂಟೆ ಹೊಡೆದ ಮೇಲೆ ತನ್ನ ಪ್ರತಿ ತಂದು
ಮೇಜಿನ ಮೇಲಿಟ್ಟು ರಟ್ಟು ತೆರೆದಳು.
ಒಳಗೆ ಅಂಟಿಸಿದ ಚೀಟಿ: ಹೆಸರು, ವರ್ಷ, ಪುಸ್ತಕದ ಸ್ಥಿತಿ.
ಓಡೆಲ್ ಪ್ರೂಯಿಟ್, ೧೯೭೪. ಸ್ಥಿತಿ: ಸುಮಾರು.
'ನಮ್ಮ ತಾತ. ನಿಮ್ಮ ಹದಿನಾಲ್ಕನೇ ನಂಬರ್ ಬಸ್ಸು.'
ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ ಗೀಟು,
ನಿಂತ ನಾಲ್ಕು, ಮಲಗಿದ ಒಂದು,
ನಿಂತ ನಾಲ್ಕು, ಮಲಗಿದ ಒಂದು,
ಬೇಲಿಯ ಹಾಗೆ ಅಂಚಿನವರೆಗೆ.
'ಒಂಬತ್ತನೇ ಅಧ್ಯಾಯಕ್ಕೆ ನಿಲ್ಲಿಸಿಬಿಟ್ಟಿದ್ದಾರೆ.
ಎಣಿಸೋದನ್ನೋ ಓದೋದನ್ನೋ, ಕೇಳಿದರೆ ಹೇಳಲ್ಲ.'

ನಾನು ಕೇಳಿದೆ, ಕೇಳಬಾರದಿತ್ತು:
ಓದಲೋ, ಹಾರಿಸಲೋ, ಪುಸ್ತಕವನ್ನೇ ಮುಚ್ಚಲೋ?
ಚೀಲ ಹೆಗಲಿಗೇರಿಸಿ ಅಂದಳು:
'ನನಗೆ ಹನ್ನೆರಡು ವರ್ಷ, ಮಿಸ್.
ಸಂಬಳ ನಿಮಗೆ.'

ಸಂಜೆ ಬಸ್ಸು ತಿರುಗುವಾಗ ಓಡೆಲ್
ಸ್ಟೀರಿಂಗಿನಿಂದ ಎರಡು ಬೆರಳೆತ್ತಿದ, ದಿನದ ಹಾಗೆ.
ನಾನೂ ಕೈ ಎತ್ತಿದೆ, ದಿನದ ಹಾಗೆ;
ಇಳಿಸುವುದು ಹೇಗೆಂದು ತಿಳಿಯಲಿಲ್ಲ.

ಈಗ ಅಡುಗೆಮನೆ. ಚಹಾ ಆರಿದೆ.
ಒಂದು ಬೇರೆ ಹಾಳೆ (ಅವನ ರಟ್ಟಿನ ಮೇಲಲ್ಲ),
ಚೂಪು ಮಾಡಿದ ಪೆನ್ಸಿಲು.
ಹತ್ತನೆಯ ಅಧ್ಯಾಯದಿಂದ ಶುರು ಮಾಡಿದ್ದೇನೆ,
ಒಂದನ್ನೂ ದಾಟದೆ.