ಹೆಚ್ಚುಕಮ್ಮಿ

ಇಪ್ಪತ್ತೊಂಬತ್ತು ವರ್ಷ ರಾಯಚೂರು ಗಂಜಿನಾಗ
ಹತ್ತಿ ತೂಗೀನಿ, ಶೇಂಗಾ ತೂಗೀನಿ.
ಚೀಲ ಕಂಡ ಕೂಡ್ಲೆ ಹೇಳ್ತಿದ್ದೆ,
ಕಾಟಾಕ್ಕ ಹಚ್ಚೋ ಮೊದಲ: ನಲವತ್ತೆರಡೂವರಿ.
ತಪ್ಪಿದ್ರ ಅರ್ಧ ಕಿಲೋ, ಮ್ಯಾಲಿಲ್ಲ.
ವರ್ಷಕ್ಕೊಮ್ಮೆ ಕಾಟಾಕ್ಕ ಸೀಲು ಒತ್ತಾಕ ಬಂದವರಿಗೆ
ದಲಾಲರು ಅಂತಿದ್ರು,
ಇವನ ಕಣ್ಣಿಗೂ ಒಂದು ಒತ್ರಿ.

ಈಗ ಕೈಯಾಗ ಒಂದು ಕಾಗದ,
ಸೂಗವ್ವನ ಸ್ಕ್ಯಾನಿಂಗಿಂದು.
ಕೂಸಿನ ತೂಕ ಎರಡು ಸಾವಿರದ ಮುನ್ನೂರು ಗ್ರಾಂ.
ಅದರ ಬಾಜೂಕ ಒಂದು ಕೂಡಿಸೋ ಗುರ್ತು,
ಅದರ ಬುಡಕ ಕಳೆಯೋ ಗೆರಿ,
ಆಮ್ಯಾಲೆ ಮುನ್ನೂರ ನಲವತ್ತು.

ಇದೇನ್ರಿ ಮೇಡಂ, ಅಂದೆ.
ಹೆಚ್ಚುಕಮ್ಮಿ, ಅಂದ್ರು ನಾಜ್ನೀನ್ ಡಾಕ್ಟ್ರು.
ಮಷಿನ್ ತೂಗೂದಿಲ್ಲ ಯಜಮಾನ್ರ.
ತಲಿ ಅಳಿತದ, ಹೊಟ್ಟಿ ಸುತ್ತಳತಿ, ತೊಡಿ ಎಲುಬು,
ಲೆಕ್ಕ ಹಾಕಿ ಒಂದು ಅಂದಾಜು ಹೇಳ್ತದ, ಅಷ್ಟ.
ತಿಂಗಳಿಗೆ ಸ್ವಲ್ಪ ಸಣ್ಣದದ ಕೂಸು.
ಎರಡು ವಾರ ಬಿಟ್ಟು ಬರ್ರಿ.

ಎರಡು ಕಿಲೋದಾಗ ಮುನ್ನೂರ ನಲವತ್ತರ ಅನುಮಾನ!
ಇಂಥ ಕಾಟಾ ಗಂಜಿನಾಗ ಇಟ್ಟಿದ್ರ
ರೈತರು ನನ್ನ ಕಂಬಕ್ಕ ಕಟ್ತಿದ್ರು.
ಅಲ್ಲಿ ಹೆಚ್ಚುಕಮ್ಮಿ ಅಂದ್ರ ಕಳುವು.
ಮನಿಯಾಗ ಹೆಚ್ಚುಕಮ್ಮಿ ಅಂದ್ರ
ಆ ಮಾತು ನಾವು ಆಡೂದಿಲ್ಲ.

ಚೀಲದ ತೂಕ ಕಳದು ಗೊತ್ತು ನನಗ,
ಹಸಿ ಇದ್ರ ಹಸಿ, ಹೆಂಟಿ ಇದ್ರ ಹೆಂಟಿ.
ಇಲ್ಲಿ ಏನು ಕಳೀಲಿ?
ನೀರು ಯಾರ ಲೆಕ್ಕಕ್ಕ? ಕರುಳಬಳ್ಳಿ ಯಾರ ಲೆಕ್ಕಕ್ಕ?

ಹುಸೇನಮ್ಮ ಬಂದ್ಳು, ಎಂಬತ್ತು ದಾಟಿದಾಕಿ,
ಓಣಿಯ ಅರ್ಧ ಮಂದೀನ ಹಿಡಿದು ಹೊರಗ ತಂದಾಕಿ.
ಅಂಗೈ ಇಟ್ಟು ಸುಮ್ಮನ ಕುಂತ್ಳು.
ಪಕ್ಕಾ ಮೂರು ಸೇರು, ಅಂದ್ಳು.
ಯಾವ ಸೇರವ್ವಾ, ನಿಜಾಮನ ಕಾಲದ್ದೇನು?
ಸೇರು ಅಂದ್ರ ಸೇರೋ ತಮ್ಮಾ. ಚಾ ತರಿಸು.

ಅಳಿಯ ಹಟ್ಟಿಯಿಂದ ಫೋನ್ ಹಚ್ಚಿದ.
ಲಾರಿಗಟ್ಲೆ ಕಲ್ಲು ಅರದು
ಚಿಟಿಕಿ ಬಂಗಾರ ತಗಿಯೋ ಗಣಿಯಾಗ ಇಳಿಯೋ ಹುಡುಗ,
ಎಷ್ಟದಂತ ಮಾವಾ, ಅಂದ, ದನಿ ಇಳಿಸಿ.
ಇಲ್ಲಿ ಸಿಗ್ನಲ್ ಇಲ್ಲಪ್ಪಾ, ಅಂದೆ.

ಬಾಗಿಲ ಹಿಂದ ಸುಣ್ಣದ ಕಡ್ಡಿಲೆ
ನನ್ನ ಅಂದಾಜು ಬರದಿಟ್ಟಿದ್ದೆ.
ಹೆಂಡ್ತಿ ಸೆರಗಿಲೆ ಒರಸಿ ಹಾಕಿದ್ಳು:
ಹುಟ್ಟದ ಕೂಸು ತೂಗಬಾರದು, ದಿಷ್ಟಿ.

ಒಂದಿನ ಸಂಜಿಕ ಗಂಜು ಖಾಲಿ ಆದಮ್ಯಾಲೆ
ಮಗಳನ್ನ ಕಾಟಾದ ಮ್ಯಾಲೆ ನಿಲ್ಲಿಸಿದೆ.
ಐವತ್ತೊಂಬತ್ತು.
ಮದುವಿಗೆ ಮೊದಲು ಚೇಷ್ಟಿಗೆ ನಿಂತಾಗ ನಲವತ್ತೆಂಟು.
ಲೆಕ್ಕದಾಗ ಸೀರಿ ತೂಕ ಬಿಟ್ಟೆ,
ಕುಬುಸದ ಹಸಿರು ಬಳಿ ಬಿಟ್ಟೆ,
ಬಳಿ ಎಷ್ಟು ಡಜನ್ನವ್ವಾ, ಅಂತ ಕೇಳಿದೆ.
ನಾ ಏನು ಚೀಲೇನಪ್ಪಾ, ಅಂತ ನಕ್ಳು.
ನಕ್ಕದ್ದಕ್ಕ ಮುಳ್ಳು ಅರವತ್ತಕ್ಕ ಹೋಗಿ ಬಂತು.

ಮೊನ್ನೆ ಬೆಳಗಿನ ಜಾವ, ದೊಡ್ಡ ದವಾಖಾನಿ.
ಗಾಜಿನ ಆಚೆ ನರ್ಸಮ್ಮ
ಕೂಸನ್ನ ಕಾಟಾಕ್ಕ ಹಾಕಿದ್ಳು.
ಕೆಂಪು ಅಂಕಿ. ಎರಡು ಐದು. ಎರಡು ಎಂಟು.
ಎರಡು ನಾಕು. ಮತ್ತ ಎರಡು ಏಳು.
ಕಾಲು ಝಾಡಿಸ್ತದ, ಬಾಯಿ ತಗದು ಊರು ಎಬ್ಬಿಸ್ತದ,
ಅಂಕಿ ಒಂದು ಕಡಿ ನಿಲ್ಲವಲ್ದು.
ಅಕಿ ಪೆನ್ನು ಎತ್ತಿ ಕಾಯಕತ್ಯಾಳ.

ಮುಳ್ಳು ನಿಲ್ಲದ ಚೀಟಿ ಬರದಾವಲ್ಲ ನಾ,
ಇಪ್ಪತ್ತೊಂಬತ್ತು ವರ್ಷದಾಗ ಒಂದೂ.
ಗಾಜಿಗೆ ಬಾಯಿ ಹಚ್ಚಿ ಅಂದೆ:
ನಿಲ್ಲಬ್ಯಾಡ.
ಒದಿ ನನ್ನಪ್ಪಾ, ಇನ್ನಷ್ಟು ಒದಿ.