ಕಿಟಕಿಯ ಮೇಲಿನ ಉಪ್ಪು

ಸೊಸೈಟಿ ಗೋದಾಮಿನ ಬೀಗದಕೈ ನನ್ನ ಸೊಂಟಕ್ಕೆ ಬಂದ ದಿನ
ಹಮಾಲಿ ಪಿಳ್ಳಪ್ಪ ಮೊದಲು ತೋರಿಸಿದ್ದು
ದಾಸ್ತಾನು ಪುಸ್ತಕವನ್ನಲ್ಲ, ತಕ್ಕಡಿಯನ್ನಲ್ಲ,
ಕಿಟಕಿಯ ಮೇಲಿದ್ದ ಅಂಚು ಒಡೆದ ಪಿಂಗಾಣಿ ತಟ್ಟೆ,
ಅದರಲ್ಲಿ ಒಂದು ಹಿಡಿ ಕಲ್ಲುಪ್ಪು.

‘ಇದು ಅತ್ರೆ ಬಾಗಿಲು ಹಾಕು ಅಕ್ಕಯ್ಯ,
ಮೂಟೆ ಅಳೋಗಂಟ ಕಾಯಬ್ಯಾಡ.’

ಶಿಡ್ಲಘಟ್ಟದ ಈ ಸೀಮೆಯಲ್ಲಿ
ನೀರು ಬೇಡ ಅನ್ನುವ ನೌಕರಿ ಇನ್ಯಾರಿಗುಂಟು?
ಆಚೆ ಹಿಪ್ಪುನೇರಳೆ ತೋಟದಲ್ಲಿ
ಮೂರು ದಿನದಿಂದ ಬೋರಿನ ಲಾರಿಯ ಗುಡುಗು,
ಸಾವಿರದ ನಾನೂರು ಅಡಿ, ಬರೀ ಬಿಳಿ ಹಿಟ್ಟು.
ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು
ಬದು ಬದು ಸುತ್ತಿ ಜಾಗ ತೋರಿಸಿದ್ದ ಬಚ್ಚಣ್ಣ
ಈಗ ಹುಣಸೆಯ ನೆರಳಲ್ಲಿ ಬೀಡಿ ಹಚ್ಚಿದ್ದಾನೆ,
ಯಾರ ಮುಖವನ್ನೂ ನೋಡದೆ.
ಈ ಯೂರಿಯಾಗೆ ಕೊರೆಯುವ ಗೋಜೇ ಇಲ್ಲ.
ಕೂತಲ್ಲೇ ಕೂತು
ಗಾಳಿಯೊಳಗಿನ ನೀರನ್ನು ಕುಡಿಯುತ್ತದೆ,
ಯಾರಿಗೂ ಕಾಣದ ನೀರು,
ಬಚ್ಚಣ್ಣನ ಕಾಯಿಗೂ ಕಾಣದ್ದು.

ಗೋಡೆಗೂ ಸಾಲಿಗೂ ನಡುವೆ ಒಂದು ಮೊಳ ಬಿಡಬೇಕು.
ಪಿಳ್ಳಪ್ಪನ ಅಳತೆಗೋಲು ಅವನ ಹೊಟ್ಟೆ:
ಅಡ್ಡಡ್ಡ ನಡೆದು ಎಲ್ಲಿ ಸಿಕ್ಕಿಕೊಂಡನೋ
ಅಲ್ಲಿಂದ ಇಡೀ ಸಾಲು ಕೀಳಿಸುತ್ತಿದ್ದ.
ನೆಲಕ್ಕೆ ನೀಲಗಿರಿ ಹಲಗೆ, ಹಲಗೆಯ ಕೆಳಗೆ
ಬೆಕ್ಕು ಮರಿ ಹಾಕುವಷ್ಟು ಕತ್ತಲೆ.
‘ಸೂಪರ್ ಫಾಸ್ಫೇಟ್ ಪಕ್ಕ ಯೂರಿಯಾ ಕೂರಿಸಬ್ಯಾಡ,
ಒಂದನ್ನೊಂದು ಮುಟ್ಟಿದ್ರೆ ಎರಡೂ ಬೆವರ್ತವೆ,
ಹೊಸದಾಗಿ ಲಗ್ನ ಆದೋರ ತರ.’
ಹಾಗೆಂದವನು ನನ್ನ ಮುಖ ನೋಡಿ
ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡ.

ಧನುರ್ಮಾಸ. ಬೆಟ್ಟದ ಕಡೆಯಿಂದ ಮಂಜು ಇಳಿದು
ರಸ್ತೆಯ ಬಸ್ಸು ಹಾರನ್ನು ಮಾತ್ರವಾಗಿ ಹೋಗುತ್ತದೆ.
ಹನ್ನೊಂದರ ತನಕ ನಾನು ಬಾಗಿಲು ತೆಗೆಯುವುದಿಲ್ಲ.
ಕೊತ್ತನೂರಿನ ಮುನಿಯಕ್ಕ ಮೆಟ್ಟಿಲ ಮೇಲೆ ಕೂತು
‘ಗೊಬ್ಬರಕ್ಕೂ ಮುಹೂರ್ತ ನೋಡ್ತಾಳಲ್ಲಮ್ಮ ಇವಳು’
ಎಂದು ಎಲೆ ಅಡಿಕೆ ಉಗಿಯುತ್ತಾಳೆ.
ಅಧ್ಯಕ್ಷರ ಫೋನು ಬರುತ್ತದೆ.
ನಾನು ಒಳಗಿಂದ ತಟ್ಟೆ ತಂದು ತೋರಿಸುತ್ತೇನೆ,
ಉಪ್ಪಿನ ಸುತ್ತ ಒಂದು ತೆಳ್ಳನೆಯ ಹೊಳಪು.
ಮುನಿಯಕ್ಕ ಬೆರಳದ್ದಿ ನಾಲಗೆಗೆ ಇಟ್ಟು
ಸುಮ್ಮನಾಗುತ್ತಾಳೆ.

ಆಮೇಲೆ ಆ ಮಳೆ.
ಐದು ದಿನ, ಐದು ರಾತ್ರಿ.
ಹದಿನೆಂಟು ವರ್ಷದ ಮೇಲೆ ಕೆರೆ ಕೋಡಿ ಬಿತ್ತು,
ಮುದುಕರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು,
ಕೋಳಿ ಕೊಯ್ದರು, ಬಾಗಿನ ಬಿಟ್ಟರು,
ತಮಟೆ ನೆನೆದು ಸದ್ದೇ ಬರದಿದ್ದರೂ ಬಡಿದರು.
ನಾನು ಟಾರ್ಚು ಹಿಡಿದು ಏಣಿಯ ಮೇಲೆ
ಶೀಟಿನ ಒಂದು ಮೊಳೆಯ ತೂತನ್ನೇ ನೋಡುತ್ತಿದ್ದೆ.
ಹನಿ ಹುಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ,
ದಪ್ಪಗಾಗಿ, ಜೋತು, ಯೋಚಿಸಿ, ಬಿದ್ದು—
ಊರೆಲ್ಲ ಬೇಡಿಕೊಂಡದ್ದನ್ನು ನಾನು ಬೈಯುತ್ತಿದ್ದೆ.

ಇಪ್ಪತ್ತೆರಡು ಮೂಟೆ ಕಲ್ಲಾದವು.
ಭುಜದೆತ್ತರದಿಂದ ಬಿಟ್ಟರೂ ಒಡೆಯಲಿಲ್ಲ,
ನೆಲದ ಗಾರೆ ಬಿರುಕು ಬಿಟ್ಟಿತು.
ಆಡಿಟರು ಬರೆದುಕೊಂಡರು: ‘ಗಟ್ಟಿಯಾದ ದಾಸ್ತಾನು’.
ಪಿಳ್ಳಪ್ಪ ಅದರ ಮೇಲೆ ಕೂತು ಊಟ ಬಿಚ್ಚಿದ.
‘ಹಾಳಾಗಿಲ್ಲ ಅಕ್ಕಯ್ಯ, ಮುನಿಸಿಕೊಂಡೈತೆ ಅಷ್ಟೆ.’

ಒಂದು ಮೂಟೆಯ ದುಡ್ಡು ಕಟ್ಟಿ ಮನೆಗೆ ತಂದೆ.
ಹಿತ್ತಲಲ್ಲಿ ಒನಕೆಯಿಂದ ಒಂದು ಉಂಡೆ ಒಡೆದು
ಬಕೀಟಿನ ನೀರಿಗೆ ಹಾಕಿ ಕೈಯಾಡಿಸಿದೆ.
ಬೇವಿನ ವಾಸನೆ ಎದ್ದಿತು.
ಅಷ್ಟು ಕಾದದ್ದು, ಮುಚ್ಚಿದ್ದು, ಹೊದಿಸಿದ್ದು
ಬೆರಳ ಸಂದಿನಲ್ಲೇ ಸದ್ದಿಲ್ಲದೆ ಇಲ್ಲವಾಗುತ್ತ
ನೀರು ತಣ್ಣಗಾಯಿತು,
ಇನ್ನೂ ತಣ್ಣಗಾಯಿತು,
ಮಾರ್ಗಶಿರದ ತೊಟ್ಟಿಯ ಹಾಗೆ ಮಣಿಕಟ್ಟು ಜುಮ್ಮೆಂದಿತು.

ಕೈ ತೆಗೆದು ನೋಡುತ್ತೇನೆ:
ಬಕೀಟಿನ ಹೊರಮೈ ತುಂಬ
ಎಲ್ಲಿಂದಲೋ ಬಂದು ಕೂತ ಸಣ್ಣ ಸಣ್ಣ ಹನಿ.
ಒರೆಸಲು ಸೆರಗು ಎತ್ತಿದವಳು
ಹಾಗೇ ಬಿಟ್ಟೆ.