ಹೋಗಲು ಹನ್ನೆರಡೂವರೆ, ಬರಲು ಹದಿನಾಲ್ಕು

ಹತ್ತಿಬೀಜದ ಅಂಗಡಿಯವರು ದೀಪಾವಳಿಗೆ ಹಂಚುವ ಡೈರಿ,
ಆಷಾಢದಲ್ಲೇ ನಮ್ಮ ಪ್ರೆಸ್ಸಿಗೆ ಬರುತ್ತದೆ.
ರಾಹುಕಾಲ, ಅಂಚೆ ದರ, ರಕ್ತದ ಗುಂಪು ಬರೆಯುವ ಜಾಗ
ಎಲ್ಲ ಮುಗಿದು ಕೊನೆಯ ಹಾಳೆಯಲ್ಲಿ
ವಿಮಾನ ನಿಲ್ದಾಣಗಳ ನಡುವಿನ ದೂರ.

ದಾವಲಸಾಬರು ಓದುತ್ತಾರೆ, ನಾನು ತಿದ್ದುತ್ತೇನೆ.
ಹತ್ತೊಂಬತ್ತು ವರ್ಷ, ಒಂದೇ ಮೇಜು, ಎರಡು ಕುರ್ಚಿ.
ಗೆರೆ, ಚುಕ್ಕಿ ಯಾವುದನ್ನೂ ಬಿಡದ ದನಿ:
'ಸಿಡ್ನಿ, ಅಡ್ಡಗೆರೆ, ಸಾಂಟಿಯಾಗೊ,
ಹನ್ನೊಂದು ಸಾವಿರದ ಮುನ್ನೂರಾ ನಲವತ್ತು ಕಿಲೋಮೀಟರು,
ಹೋಗಲು ಹನ್ನೆರಡೂವರೆ ತಾಸು,
ಬರಲು...'
ನಿಂತರು. ಕನ್ನಡಕ ತೆಗೆದು ಅಂಗಿಗೆ ಒರೆಸಿ
ಹಾಳೆಯನ್ನು ಮೂಗಿನ ಹತ್ತಿರ ಹಿಡಿದು
'ಬರಲು ಹದಿನಾಲ್ಕು.'

ಮಾಲೀಕ ಹೊಂಬಳಿಯವರು ಗಲ್ಲೆಯ ಮುಂದೆ ಕೂತೇ ಕೂಗಿದರು:
'ದಾರಿ ಒಂದ ಅಂದಮ್ಯಾಲೆ ತಾಸು ಎರಡ ನಮೂನಿ ಹ್ಯಾಂಗ್ರಿ?
ಎರಡೂ ಕಡೆ ಹದಿಮೂರು ಹಾಕಿಬಿಡ್ರಿ.
ಅಲ್ಲಿಗೆ ಹೋಗಾವ್ರರೆ ಯಾರು, ನಮ್ಮ ಗಿರಾಕಿ?'

ಕಪಾಟಿನ ಮೇಲೊಂದು ಗ್ಲೋಬು.
ಯಾವುದೋ ಶಾಲೆಯವರು ಬಿಲ್ಲಿನ ಬಾಕಿಗೆ ಕೊಟ್ಟುಹೋದದ್ದು,
ಅದರಲ್ಲಿ ಸೋವಿಯತ್ ದೇಶ ಇನ್ನೂ ಇದೆ.
ಮಗ್ಗ ಬಿಟ್ಟು ಬೈಂಡಿಂಗಿಗೆ ಬಂದ ಕಸ್ತೂರೆವ್ವ
ಉಂಡೆಯಿಂದ ಒಂದೆಳೆ ಹರಿದಳು.
'ಜಗ್ಗಿ ಹಿಡದ್ರ ಎಳಿ ಸುಳ್ಳ ಹೇಳೂದಿಲ್ರಿ ಅಕ್ಕಾರ.'

ಗೋಡೆಯ ನಕಾಶೆಯಲ್ಲಿ ಆ ಊರು ಬಲತುದಿ, ಈ ಊರು ಎಡತುದಿ,
ನಡುವೆ ನಮ್ಮ ಗದಗಿನ ಕೆಳಗಿನ ಸಮುದ್ರ, ಆಮೇಲೆ ಆಫ್ರಿಕಾದ ಕಾಲು.
ಎಳೆ ಆ ಕಡೆ ಹಾಯಲೇ ಇಲ್ಲ.
ಜಗ್ಗಿದಷ್ಟೂ ಕೆಳಗೆ ಜಾರಿತು,
ಭೂಮಿಯ ತಳಕ್ಕೆ, ಬರೀ ಬಿಳಿ ಬಳಿದ ಜಾಗಕ್ಕೆ,
ಸ್ಟ್ಯಾಂಡಿನ ತುಕ್ಕು ಹಿಡಿದ ಸ್ಕ್ರೂ ಇರುವ ಕಡೆಗೆ.
ಅಲ್ಲಿ ಸಿಕ್ಕಿಕೊಂಡಿತು.
ಬಿಡಿಸಿ ಅಳೆದರೆ ಕಸ್ತೂರೆವ್ವನ ಒಂದು ಗೇಣು.
ಇಂಚುಪಟ್ಟಿಯಲ್ಲಿ ಲೆಕ್ಕ ಹಾಕಿದೆ. ಪುಸ್ತಕದ ದೂರ ಸರಿ.

ತಾಸಿನದು ಮಾತ್ರ ಎಳೆಗೆ ಗೊತ್ತಿರಲಿಲ್ಲ.
ಅಷ್ಟರಲ್ಲಿ ಕಿಟಕಿ ಬಡಿದು
ಪ್ರೂಫು ಮೇಜಿನಿಂದೆದ್ದು ಯಂತ್ರದ ಕೆಳಗೆ ಹೋಯಿತು.
ದಾವಲಸಾಬರು ಬಗ್ಗಿ, ಕೈಯಾಡಿಸಿ ಹುಡುಕುತ್ತ,
'ನಿಮ್ಮ ಸೈಕಲ್ಲಿಗೆ ಕೇಳ್ರಿ' ಅಂದರು.

ಹೌದಲ್ಲ.
ಬೆಟಗೇರಿಯಿಂದ ಬೆಳಿಗ್ಗೆ ಹೊರಟರೆ ಗಾಳಿ ಎದೆಗೆ ಕೈಕೊಟ್ಟು ನೂಕುತ್ತದೆ,
ಹಣೆಯ ಮೇಲಿನ ಕೂದಲೆಲ್ಲ ಹಿಂದಕ್ಕೆ, ಇಪ್ಪತ್ತೈದು ಮಿನಿಟು.
ಸಂಜೆ ಅದೇ ಗಾಳಿ ಬೆನ್ನಿಗೆ ಬಿದ್ದು
ಪೆಡಲು ಮರೆತರೂ ಮನೆಯ ತಿರುವು ಬಂದುಬಿಡುತ್ತದೆ, ಹದಿನಾರು.
ಇಡೀ ಆಷಾಢ ಹಾಜರಿ ಪುಸ್ತಕದಲ್ಲಿ
ನನ್ನ ಹೆಸರಿನ ಮುಂದೆ ಕೆಂಪು ಗೆರೆ ಎಳೆದವರು
ಇದೇ ಹೊಂಬಳಿಯವರು.
ಒಂದೇ ದಾರಿ, ಒಂದೇ ಟೈಮು ಅಂದವರು.

ಹದಿನಾಲ್ಕರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟೆ.
ನಮ್ಮ ಕಸುಬಿನಲ್ಲಿ ಅದಕ್ಕೆ ಅರ್ಥ
ಇದ್ದದ್ದು ಇದ್ದ ಹಾಗೆ ಇರಲಿ.
ಹೋಗುವವರು ಇಲ್ಲದಿದ್ದರೂ ಇರಲಿ.
ಆ ಹಾಳೆಯ ಮೇಲೆ ಯಾರೋ ಹಾಲಿನ ಲೆಕ್ಕ ಬರೆದುಕೊಂಡರೂ.

ಬರುವ ತಿಂಗಳು ದಾವಲಸಾಬರ ಕಣ್ಣಿನ ಆಪರೇಶನ್.
ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಲು ಒಂದೂವರೆ ತಾಸು.
ಬರಲು ಎಷ್ಟೆಂದು ಅವರು ಹೇಳಲಿಲ್ಲ,
ನಾನೂ ಕೇಳಲಿಲ್ಲ.
ಹಾಳೆಯ ಧೂಳು ಕೊಡವಿ, ಬೆರಳಿಟ್ಟು ಸಾಲು ಹುಡುಕಿ
'ನೈರೋಬಿ,' ಅಂದರು, 'ಅಡ್ಡಗೆರೆ...'